ಎಷ್ಟರಲ್ಲಿ ಎಷ್ಟು? ಆರೋಗ್ಯ ಯೋಜನೆಗಳ ಜಗಳದಲ್ಲಿ ನಿಲ್ಲದ ವಾದಗಳು

ಪ್ರಶ್ನೋತ್ತರ

ವಿಮೆ, ಉಚಿತ ಚಿಕಿತ್ಸೆ, ಲಸಿಕೆ, ಸರ್ಕಾರಿ ಆಸ್ಪತ್ರೆ ಎಂದು ಊರಿನ ಕಟ್ಟೆಯ ಮೇಲೂ ಟಿವಿಯಲ್ಲೂ ನಡೆಯುವ ರಾಜಕೀಯ ವಾದಗಳನ್ನು ಬಿಡಿಸಿ ಹೇಳಿ ಎಂದು ಮಲೆನಾಡಿನ ಓದುಗರು ಬರೆದಿದ್ದಾರೆ. ಬಂದ ಪತ್ರಗಳಲ್ಲಿ ಎಂಟನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ವಾದ ಯಾವ ಪಕ್ಷದ್ದಾದರೂ ಅಳೆಯುವ ಕೊಳಗ ಒಂದೇ.

ಪ್ರಶ್ನೆ: ನಮ್ಮೂರ ಸಭೆಯಲ್ಲಿ ಒಬ್ಬರು "ಪ್ರತಿ ಕುಟುಂಬಕ್ಕೂ ಸರ್ಕಾರ ಐದು ಲಕ್ಷ ಕೊಟ್ಟಿದೆ" ಎಂದರು. ಇನ್ನೊಬ್ಬರು ಎದ್ದು "ನಮ್ಮಪ್ಪನ ಶುಗರ್ ಮಾತ್ರೆಗೆ ಒಂದು ರೂಪಾಯಿ ಬಂದಿಲ್ಲ, ಎಲ್ಲಾ ಸುಳ್ಳು" ಎಂದರು. ಯಾರದ್ದು ಸರಿ? (ಸಾಗರ ತಾಲ್ಲೂಕು)

ಉತ್ತರ: ಇಬ್ಬರೂ ಅರ್ಧ ನಿಜ ಹೇಳಿ ತಪ್ಪು ತೀರ್ಮಾನಕ್ಕೆ ಬಂದಿದ್ದಾರೆ. ಐದು ಲಕ್ಷ ಎಂಬುದು ಯಾರ ಖಾತೆಗೂ ಬರುವ ಹಣವಲ್ಲ. ಒಂದು ಕುಟುಂಬಕ್ಕೆ ಒಂದು ವರ್ಷದಲ್ಲಿ ಇಷ್ಟರವರೆಗೆ ಎಂಬ ಮಿತಿ ಅದು. ಮನೆಯಲ್ಲಿ ಆರು ಜನ ಇದ್ದರೆ ಆರೂ ಜನರಿಗೆ ಸೇರಿ ಅಷ್ಟೇ.

ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಶುರುವಾದದ್ದು 2018ರ ಮಾರ್ಚ್‌ನಲ್ಲಿ. ಕೇಂದ್ರದ ಆಯುಷ್ಮಾನ್ ಭಾರತ್ ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಬಂತು. ಅಕ್ಟೋಬರ್ ಕೊನೆಯ ಹೊತ್ತಿಗೆ ಎರಡನ್ನೂ ಒಂದು ಮಾಡಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಇಲ್ಲಿ ವಿಮಾ ಕಂಪನಿ ನಡುವೆ ಇಲ್ಲ. ಆಸ್ಪತ್ರೆ ಮೊದಲೇ ಒಪ್ಪಿಗೆ ಪಡೆದು ಚಿಕಿತ್ಸೆ ಕೊಡುತ್ತದೆ, ಆಮೇಲೆ ಬಿಲ್ಲು ಕಳಿಸುತ್ತದೆ, ಆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರವನ್ನು ಟ್ರಸ್ಟ್ ಕೊಡುತ್ತದೆ. ಬಿಪಿಎಲ್ ಕುಟುಂಬಕ್ಕೆ ಐದು ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಹಾಗಾಗಿ "ಪ್ರತಿ ಕುಟುಂಬಕ್ಕೂ ಐದು ಲಕ್ಷ" ಎಂದ ಮೊದಲನೆಯವರ ಮಾತು ಇಲ್ಲೇ ಬಿತ್ತು.

ಎರಡನೆಯವರ ನೋವು ನಿಜವಾದದ್ದೇ. ಯೋಜನೆಯ ತಿರುಳು ಒಳರೋಗಿಯಾಗಿ ದಾಖಲಾಗುವ ಚಿಕಿತ್ಸೆ. ದಾಖಲಾತಿಗೆ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಖರ್ಚು ಕೇಂದ್ರದ ನಿಯಮದಲ್ಲಿ ಸೇರುತ್ತದೆ. ತಿಂಗಳು ತಿಂಗಳೂ ನುಂಗುವ ಶುಗರ್, ಬಿಪಿ ಮಾತ್ರೆ ಸೇರುವುದಿಲ್ಲ. ತಿಂಗಳಿಗೆ 800 ರೂಪಾಯಿ ಮಾತ್ರೆಗೆ ಹೋಗುತ್ತದೆ ಎಂದುಕೊಳ್ಳಿ, ವರ್ಷಕ್ಕೆ 9,600. ಈ ಖರ್ಚಿಗೆ ಉತ್ತರ ಇರಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧ ಕಪಾಟಿನಲ್ಲಿ. ಆದರೆ ಅದರಿಂದ "ಎಲ್ಲಾ ಸುಳ್ಳು" ಎಂದು ಹೇಳಲು ಬರುವುದಿಲ್ಲ. ಅದೇ ಅಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾದರೆ ಇದೇ ಯೋಜನೆಯ ಕಾರ್ಡು ಮನೆಯ ತೋಟವನ್ನು ಅಡವಿನಿಂದ ಉಳಿಸಬಹುದು.

ಕಾರ್ಡ್ ಇದ್ದೂ ಕೆಲಸ ಕೆಡುವುದು ಎಲ್ಲಿ ಎಂದು ತಿಳಿದಿದ್ದರೆ ವಾದವೂ ಗಟ್ಟಿಯಾಗುತ್ತದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ನೇರ ಘಟ್ಟ ಇಳಿದು ಖಾಸಗಿ ಆಸ್ಪತ್ರೆಗೆ ಹೋದರೆ ಅಲ್ಲಿ ತೊಡಕು. ಆಸ್ಪತ್ರೆ ಪಟ್ಟಿಯಲ್ಲಿದ್ದರೂ ನಿಮಗೆ ಬೇಕಾದ ವಿಭಾಗಕ್ಕೆ ನೋಂದಣಿ ಇಲ್ಲದಿರಬಹುದು. ಪಡಿತರ ಚೀಟಿಯ ಹೆಸರೂ ಆಧಾರ್ ಹೆಸರೂ ಹೊಂದದಿದ್ದರೆ ಒಪ್ಪಿಗೆ ನಿಲ್ಲುತ್ತದೆ. ಹಣ ಕಟ್ಟುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಹುಡುಕಿ. ಕಟ್ಟಿದ ಮೇಲೆ ವಾಪಸು ಪಡೆಯುವುದು ಬಹಳ ಕಷ್ಟ.

ಪ್ರಶ್ನೆ: "ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲೇ ಸಾವು ಜಾಸ್ತಿ, ಖಾಸಗಿಯವರಿಗೆ ವಹಿಸಿಬಿಡಿ" ಎಂಬ ವಾದಕ್ಕೆ ಏನು ಹೇಳಬೇಕು? (ತೀರ್ಥಹಳ್ಳಿ)

ಉತ್ತರ: ಎಂಥ ರೋಗಿಗಳು ಎಲ್ಲಿಗೆ ಹೋಗುತ್ತಾರೆ ಎಂದು ಮೊದಲು ಕೇಳಿ. ಖಾಸಗಿಯಲ್ಲಿ ನಾಲ್ಕು ದಿನ ಇಟ್ಟು, ಕೈ ಖಾಲಿಯಾದ ಮೇಲೆ ಆಂಬುಲೆನ್ಸ್ ಹತ್ತಿಸುವುದು ಸರ್ಕಾರಿ ಆಸ್ಪತ್ರೆಗೆ. ಹಾವು ಕಚ್ಚಿದವರು, ವಿಷ ಕುಡಿದವರು, ಅಡಿಕೆ ಮರದಿಂದ ಬಿದ್ದ ಕೊನೆಗಾರರು ಬರುವುದೂ ಹೆಚ್ಚಾಗಿ ಅಲ್ಲಿಗೇ.

ಒಂದು ಕಲ್ಪಿತ ಲೆಕ್ಕ ನೋಡಿ. ಎರಡೂ ಕಡೆ 1000 ರೋಗಿಗಳು. ಖಾಸಗಿಯಲ್ಲಿ 900 ಜನರದ್ದು ಸಾಧಾರಣ ಕಾಯಿಲೆ, ಅವರಲ್ಲಿ ನೂರಕ್ಕೆ 1 ಸಾವು, ಅಂದರೆ 9. ಉಳಿದ 100 ಗಂಭೀರ, ಅವರಲ್ಲಿ ನೂರಕ್ಕೆ 20. ಒಟ್ಟು 29 ಸಾವು, ಶೇಕಡ 2.9. ಸರ್ಕಾರಿಯಲ್ಲಿ 400 ಸಾಧಾರಣ, ಸಾವಿರಕ್ಕೆ 5ರಂತೆ 2 ಸಾವು. ಗಂಭೀರ 600, ನೂರಕ್ಕೆ 15ರಂತೆ 90. ಒಟ್ಟು 92, ಶೇಕಡ 9.2. ಸಾಧಾರಣ ರೋಗಿಗೂ ಗಂಭೀರ ರೋಗಿಗೂ ಸರ್ಕಾರಿಯೇ ಮೇಲು. ಆದರೂ ಒಟ್ಟು ಅಂಕಿಯಲ್ಲಿ ಅದೇ ಮೂರು ಪಟ್ಟು ಕೆಟ್ಟದಾಗಿ ಕಾಣುತ್ತದೆ.

ಇದನ್ನು ಕಲಿತವರು ಎಲ್ಲದಕ್ಕೂ ಇದೇ ಸಮಜಾಯಿಷಿ ಕೊಡಲು ಹೊರಡುತ್ತಾರೆ, ಅದೂ ಸಲ್ಲದು. ಸಿಸೇರಿಯನ್ ಹೆರಿಗೆ ತೆಗೆದುಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇಕಡ 47.4 ಸಿಸೇರಿಯನ್, ಸರ್ಕಾರಿಯಲ್ಲಿ 14.3. ತೊಡಕಿನ ಬಸುರಿಯರನ್ನು ಕೊನೆಗೆ ದೊಡ್ಡ ಸರ್ಕಾರಿ ಆಸ್ಪತ್ರೆಗೇ ಕಳಿಸುವುದಾದರೆ ಅಂತರ ಇಷ್ಟು ಇರಬಾರದಿತ್ತು. ಖಾಸಗಿಗೆ ಹೋಗುವವರಲ್ಲಿ ವಯಸ್ಸಾದ ಮೇಲೆ ಬಸುರಾದವರು, ತಾವೇ ಬಯಸಿ ಮಾಡಿಸಿಕೊಳ್ಳುವವರು ಹೆಚ್ಚಿರಬಹುದು. ಅಷ್ಟಕ್ಕೇ ಮೂರು ಪಟ್ಟಿನ ಅಂತರ ತುಂಬುತ್ತದೆ ಎಂದು ನಮಗೆ ಅನ್ನಿಸುವುದಿಲ್ಲ. ರೋಗಿಗಳ ವ್ಯತ್ಯಾಸ ಯಾವ ದಿಕ್ಕಿಗೆ ಎಳೆಯುತ್ತದೆ ಎಂದು ಪ್ರತಿ ಸಲ ಹೊಸದಾಗಿ ಯೋಚಿಸಬೇಕು.

ಪ್ರಶ್ನೆ: ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಂಡವರಿಗೇ ಹೆಚ್ಚು ಕಾಯಿಲೆ ಬಂದಿತ್ತು, ಹೊಸ ಲಸಿಕೆಗೆ ದುಡ್ಡು ಸುರಿಯುವುದು ದಂಡ ಎಂದು ಇಲ್ಲಿನ ಮುಖಂಡರು ಹೇಳುತ್ತಾರೆ. (ಹೊಸನಗರ ತಾಲ್ಲೂಕು)

ಉತ್ತರ: ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಈ ಕಾಯಿಲೆ ನಮ್ಮ ಮನೆಯ ಕಾಯಿಲೆ. ಈ ವಾದದ ಉತ್ತರ ಪ್ರತಿ ಮಲೆನಾಡಿಗನಿಗೂ ಬಾಯಿಪಾಠ ಆಗಿರಬೇಕು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಹೊಸದು ಬಂದ ದಿನ ಇದೇ ಮಾತು ಮತ್ತೆ ಏಳುತ್ತದೆ.

ಕಾಗದ, ಪೆನ್ನು ತೆಗೆದುಕೊಳ್ಳಿ. ಊರಿನಲ್ಲಿ 1000 ಜನ, 900 ಮಂದಿಗೆ ಲಸಿಕೆ ಆಗಿದೆ, 100 ಮಂದಿಗೆ ಆಗಿಲ್ಲ. ಲಸಿಕೆ ಇಲ್ಲದವರಲ್ಲಿ ಆ ವರ್ಷ ನೂರಕ್ಕೆ 5 ಜನರಿಗೆ ಜ್ವರ ಬಂತು ಎನ್ನಿ. ಲಸಿಕೆ ಶೇಕಡ 60ರಷ್ಟು ಕಾಯುತ್ತದೆ ಎಂದಾದರೆ ಹಾಕಿಸಿಕೊಂಡವರಲ್ಲಿ ನೂರಕ್ಕೆ 2. ಈಗ ಎಣಿಸಿ: ಲಸಿಕೆ ಇಲ್ಲದ 100ರಲ್ಲಿ 5 ರೋಗಿಗಳು, ಲಸಿಕೆಯಾದ 900ರಲ್ಲಿ 18. ಒಟ್ಟು 23 ರೋಗಿಗಳಲ್ಲಿ 18 ಜನ ಲಸಿಕೆ ಹಾಕಿಸಿಕೊಂಡವರೇ! ಮುಖಂಡರು ನೋಡಿದ್ದು ಈ 18ನ್ನು. ಯಾರಿಗೂ ಲಸಿಕೆ ಇಲ್ಲದಿದ್ದರೆ ರೋಗಿಗಳು 50 ಆಗುತ್ತಿದ್ದರು. ಜ್ವರ ಬಾರದೆ ಉಳಿದ 27 ಜನ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಅವರ ಮನೆಯವರಿಗೂ ಅದು ಗೊತ್ತಾಗುವುದಿಲ್ಲ.

ನಾವು ಇಟ್ಟ 60 ಲೆಕ್ಕದ ಅನುಕೂಲಕ್ಕೆ. ಆದರೂ 2013ರಲ್ಲಿ ಪ್ರಕಟವಾದ ಕರ್ನಾಟಕದ ಒಂದು ಅಧ್ಯಯನದಲ್ಲಿ ಎರಡು ಡೋಸ್‌ಗೆ ಸುಮಾರು ಶೇಕಡ 62, ಬೂಸ್ಟರ್ ಸೇರಿದರೆ ಸುಮಾರು 83ರ ರಕ್ಷಣೆ ಕಂಡಿತ್ತು. ಲಸಿಕೆ ಪೂರ್ಣವಾಗಿತ್ತು ಎಂದೇನೂ ಅಲ್ಲ. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷ ವರ್ಷ ಹಾಕಿಸಬೇಕಿತ್ತು. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಎರಡನೆಯದಕ್ಕೇ ಜನ ಬರುತ್ತಿರಲಿಲ್ಲ. ಸಾಮರ್ಥ್ಯ ಕುಗ್ಗಿದ ಕಾರಣಕ್ಕೇ ಅದನ್ನು ನಿಲ್ಲಿಸಿದ್ದು. ಆದ್ದರಿಂದ ಆಡಳಿತದವರು "ಇಷ್ಟು ಸಾವಿರ ಡೋಸ್ ಹಂಚಿದ್ದೇವೆ" ಎಂದಾಗಲೂ ಸುಮ್ಮನಿರಬೇಡಿ. ಎಷ್ಟು ಜನ ಬೂಸ್ಟರ್‌ವರೆಗೆ ಮುಗಿಸಿದರು ಎಂದು ಕೇಳಿ.

ಇದರ ಜೊತೆಗಾರ ವಾದ ಇನ್ನೊಂದಿದೆ: "ಈ ವರ್ಷ ಪ್ರಕರಣ ಎರಡು ಪಟ್ಟು, ಸರ್ಕಾರ ಸತ್ತಿದೆ." ರಕ್ತದ ಮಾದರಿ ಎಷ್ಟು ಪರೀಕ್ಷೆಯಾದವು ಎಂಬ ಅಂಕಿ ಪಕ್ಕದಲ್ಲಿ ಇಲ್ಲದೆ ಪ್ರಕರಣದ ಅಂಕಿಗೆ ಅರ್ಥವಿಲ್ಲ. ಬೇಸಿಗೆಯ ಪ್ರತಿ ಜ್ವರವನ್ನೂ ಪರೀಕ್ಷಿಸುವ ತಾಲ್ಲೂಕಿನಲ್ಲಿ ಪ್ರಕರಣ ಹೆಚ್ಚು ಕಾಣುತ್ತದೆ, ಪರೀಕ್ಷಿಸದ ತಾಲ್ಲೂಕು ಆರೋಗ್ಯವಂತವಾಗಿ ಕಾಣುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದದ್ದು ಮಾತ್ರ ಬರೀ ಎಣಿಕೆಯ ಏರಿಕೆ ಅಲ್ಲ, ಅಲ್ಲಿ ಜನ ಸತ್ತರು. ಸಾವಿನ ಅಂಕಿಯನ್ನು ಪರೀಕ್ಷೆ ಉಬ್ಬಿಸುವುದು ಕಡಿಮೆ. ಹಾಗಾಗಿ ಎರಡೂ ಒಟ್ಟಿಗೆ ಏರಿದಾಗ ಗಾಬರಿಯಾಗಲೇಬೇಕು.

ಪ್ರಶ್ನೆ: ವಾಜಪೇಯಿ ಆರೋಗ್ಯಶ್ರೀಯಿಂದ ಸಾವು ಶೇಕಡ 64 ಇಳಿಯಿತು ಎಂದು ಭಾಷಣದಲ್ಲಿ ಕೇಳಿದೆ. ನಂಬಬಹುದೇ? (ಸೊರಬ)

ಉತ್ತರ: ಅಂಕಿ ಕಟ್ಟುಕಥೆಯಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ್ದು. ಅದರ ರಚನೆ ನಿಮ್ಮ ತಾಲ್ಲೂಕಿನವರಿಗೆ ಬೇಗ ಅರ್ಥವಾಗುತ್ತದೆ. ಬಡವರ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಡಿಸುತ್ತಿದ್ದ ಈ ರಾಜ್ಯ ಯೋಜನೆ 2010ರಲ್ಲಿ ಮೊದಲು ಉತ್ತರದ ಕಲಬುರಗಿ, ಬೆಳಗಾವಿ ವಿಭಾಗಗಳಿಗೆ ಬಂತು. ಬೆಂಗಳೂರು ವಿಭಾಗದ ಶಿವಮೊಗ್ಗಕ್ಕೆ ಆಗಿನ್ನೂ ಇರಲಿಲ್ಲ. ಸೊರಬದ ಗಡಿ ದಾಟಿದರೆ ಹಾವೇರಿ, ಉತ್ತರ ಕನ್ನಡ. ಒಂದೇ ಮಳೆ, ಒಂದೇ ಬೆಳೆ, ಒಂದೇ ಬಡತನ. ಗಡಿಯ ಆಚೆ ಯೋಜನೆ ಇದೆ, ಈಚೆ ಇಲ್ಲ. ಇಂಥ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿದರು. ಬೆಂಗಳೂರನ್ನೂ ಬೀದರ್ ಅನ್ನೂ ಹೋಲಿಸುವುದಕ್ಕಿಂತ ಇದು ಎಷ್ಟೋ ಪಾಲು ಗಟ್ಟಿ.

ಭಾಷಣಕಾರರು ಬಿಟ್ಟದ್ದು ಎರಡು. ಅದು ಎಲ್ಲ ಸಾವೂ ಅಲ್ಲ, ಯೋಜನೆಯಡಿ ಬರುವಂಥ ಹೃದಯ, ಕ್ಯಾನ್ಸರ್ ಮೊದಲಾದ ಕಾಯಿಲೆಗಳ ಸಾವು. ಎರಡನೆಯದು ಮೂಲ ಅಂಕಿ: ಬಿಪಿಎಲ್ ಕುಟುಂಬಗಳಲ್ಲಿ ಯೋಜನೆ ಇಲ್ಲದ ಕಡೆ ಶೇಕಡ 0.90, ಇದ್ದ ಕಡೆ 0.32. ಹತ್ತು ಸಾವಿರ ಜನರಿಗೆ 90ರ ಬದಲು 32. ಹತ್ತು ಸಾವಿರಕ್ಕೆ 58 ಜೀವ ಎಂದರೆ ಸಣ್ಣದಲ್ಲ, ನಮಗಂತೂ ಅದು ದೊಡ್ಡದು. ಆದರೆ "ನೂರರಲ್ಲಿ 64 ಜನ ಉಳಿದರು" ಎಂದು ಸಭಿಕರು ತಿಳಿದು ಮನೆಗೆ ಹೋದರೆ, ನಾಳೆ ಎದುರಾಳಿ ಅದನ್ನು ಒಡೆದಾಗ ಯೋಜನೆಯ ಮೇಲಿನ ನಂಬಿಕೆಯೇ ಒಡೆಯುತ್ತದೆ. ಒಳ್ಳೆಯ ಕೆಲಸದ ಪರ ನಿಲ್ಲುವವರು ಇಂಥ ಕಡೆ ಹೆಚ್ಚು ಎಚ್ಚರ ಇರಬೇಕು. ಇದು ಒಂದು ಅಧ್ಯಯನ ಎಂಬುದನ್ನೂ ಜೊತೆಗೇ ಹೇಳಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಕ್ಯಾನ್ಸರ್ ಬಂದವರು ಸರ್ಕಾರಿ ವ್ಯವಸ್ಥೆಯ ಇಂಗ್ಲೆಂಡಿಗಿಂತ ಹೆಚ್ಚು ಬದುಕುತ್ತಾರೆ, ಹಾಗಾಗಿ ಖಾಸಗಿಯೇ ಮೇಲು ಎಂದು ಅಳಿಯಂದಿರ ವಾದ. (ಕೊಪ್ಪ)

ಉತ್ತರ: ಇದರ ಪ್ರಸಿದ್ಧ ರೂಪ 2007ರದ್ದು. ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಲು ಹೊರಟಿದ್ದ ರೂಡಿ ಜೂಲಿಯಾನಿ, ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ತಾವು ಬದುಕುವ ಸಾಧ್ಯತೆ ಅಮೆರಿಕದಲ್ಲಿ ಶೇಕಡ 82, ಇಂಗ್ಲೆಂಡಿನಲ್ಲಿ 44 ಮಾತ್ರ ಎಂದರು. ಇಂಥ ವಾದಗಳು ನಿಲ್ಲುವುದು ರೋಗ ಪತ್ತೆಯಾದ ಮೇಲೆ ಐದು ವರ್ಷ ಬದುಕಿದವರ ಅಂಕಿಯ ಮೇಲೆ. ಆ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಎರಡೂ ದೇಶಗಳಲ್ಲಿ ಹೆಚ್ಚು ಕಡಿಮೆ ಒಂದೇ ಇತ್ತು.

ಹೇಗೆ? ಇಬ್ಬರೂ 70ಕ್ಕೆ ಸಾಯುತ್ತಾರೆ ಎನ್ನಿ. ಒಬ್ಬರಿಗೆ ತೊಂದರೆ ಕಾಣಿಸಿ 67ಕ್ಕೆ ಪತ್ತೆ, ಬದುಕಿದ್ದು 3 ವರ್ಷ. ಇನ್ನೊಬ್ಬರಿಗೆ ರಕ್ತಪರೀಕ್ಷೆಯಲ್ಲಿ 60ಕ್ಕೇ ಪತ್ತೆ, ಬದುಕಿದ್ದು 10 ವರ್ಷ. ಒಂದು ದಿನ ಆಯಸ್ಸು ಹೆಚ್ಚಾಗಲಿಲ್ಲ, ಐದು ವರ್ಷದ ಲೆಕ್ಕದಲ್ಲಿ ಮಾತ್ರ ಒಬ್ಬರು ಸೋತರು, ಒಬ್ಬರು ಗೆದ್ದರು. ಎಂದಿಗೂ ಕಾಡದಿದ್ದ ಸಣ್ಣ ಗಂಟುಗಳೂ ಪರೀಕ್ಷೆಯಲ್ಲಿ ಸಿಕ್ಕಿ ಪಟ್ಟಿ ಸೇರುವುದರಿಂದ ಅಂಕಿ ಇನ್ನೂ ಉಬ್ಬುತ್ತದೆ. ಅಳಿಯಂದಿರಿಗೆ ಲಕ್ಷಕ್ಕೆ ಎಷ್ಟು ಸಾವು ಎಂದು ಕೇಳಲು ಹೇಳಿ.

ಎದುರು ಪಕ್ಷದವರು "ಅಮೆರಿಕನ್ನರ ಆಯಸ್ಸು ಕಡಿಮೆ, ಆದ್ದರಿಂದ ಆಸ್ಪತ್ರೆಗಳು ಕೆಟ್ಟವು" ಎನ್ನುವುದೂ ಇಷ್ಟೇ ಸಡಿಲು. ಬಂದೂಕು, ರಸ್ತೆ ಅಪಘಾತ, ಮಾದಕ ವಸ್ತು, ಬೊಜ್ಜು ಎಲ್ಲವೂ ಆ ಅಂಕಿಯೊಳಗಿವೆ. ಆರಿಗನ್ ರಾಜ್ಯದಲ್ಲಿ 2008ರಲ್ಲಿ ಬಡವರಿಗೆ ಸರ್ಕಾರಿ ವಿಮೆಯನ್ನು ಲಾಟರಿ ಎತ್ತಿ ಕೊಟ್ಟರು. ಎರಡು ವರ್ಷಕ್ಕೆ ನೋಡಿದರೆ ವಿಮೆ ಸಿಕ್ಕವರಲ್ಲಿ ಸಾಲದ ಹೊರೆ, ಖಿನ್ನತೆ ಇಳಿದಿತ್ತು. ರಕ್ತದೊತ್ತಡ, ಕೊಲೆಸ್ಟ್ರಾಲ್‌ನಲ್ಲಿ ಖಚಿತವಾಗಿ ಹೇಳುವಂಥ ಬದಲಾವಣೆ ಕಾಣಲಿಲ್ಲ. ಅಲ್ಲಿನ ಒಂದು ಪಕ್ಷ ಮೊದಲರ್ಧ ಓದುತ್ತದೆ, ಇನ್ನೊಂದು ಎರಡನೆಯ ಅರ್ಧ.

ಪ್ರಶ್ನೆ: ದೇಶದಲ್ಲಿ 834 ಜನರಿಗೆ ಒಬ್ಬ ವೈದ್ಯ ಇದ್ದಾರಂತೆ. ನಮ್ಮಲ್ಲಿ ಯಾಕೆ ಇಲ್ಲ? (ತುಮರಿ ಭಾಗ)

ಉತ್ತರ: ಸಂಸತ್ತಿನಲ್ಲಿ ಕೊಟ್ಟ ಆ ಲೆಕ್ಕದಲ್ಲಿ ಆಯುರ್ವೇದ, ಹೋಮಿಯೋಪಥಿ ಮೊದಲಾದ ಆಯುಷ್ ವೈದ್ಯರೂ ಸೇರಿದ್ದಾರೆ, ನೋಂದಾಯಿಸಿದವರಲ್ಲಿ ಶೇಕಡ 80 ಮಂದಿ ಕೆಲಸದಲ್ಲಿದ್ದಾರೆ ಎಂಬ ಊಹೆಯೂ ಇದೆ. ಸರಾಸರಿಗೆ ಹೊಳೆ ಗೊತ್ತಿಲ್ಲ. 2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಸೇತುವೆ ತೆರೆಯುವವರೆಗೆ ನಿಮ್ಮ ಕಡೆಯವರು ಸಾಗರದ ಆಸ್ಪತ್ರೆಗೆ ಹತ್ತಿರದ ದಾರಿ ಹಿಡಿಯಲು ಲಾಂಚ್ ಕಾಯಬೇಕಿತ್ತು. ಗುಡ್ಡಗಾಡಿಗೆ 20,000 ಜನರಿಗೊಂದು, ಬಯಲಿಗೆ 30,000ಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ರಾಷ್ಟ್ರೀಯ ಮಾನದಂಡ ಇರುವುದೇ ಇಂಥ ಊರುಗಳಿಗಾಗಿ. ಕೇಳುವುದಾದರೆ ಆ ಲೆಕ್ಕದ ಮೇಲೆ ಕೇಳಿ.

ಇದೇ ಜಾತಿಯ ಇನ್ನೊಂದು ಅಂಕಿ: ಆರೋಗ್ಯದ ಒಟ್ಟು ವೆಚ್ಚದಲ್ಲಿ ಜನರ ಜೇಬಿನಿಂದ ಹೋಗುವ ಪಾಲು 2013-14ರ ಶೇಕಡ 64.2ರಿಂದ 2021-22ಕ್ಕೆ 39.4ಕ್ಕೆ ಇಳಿಯಿತು ಎನ್ನುವುದು. ಪಾಲು ಇಳಿದ ಮಾತ್ರಕ್ಕೆ ಜೇಬಿನ ಹಣ ಉಳಿಯಿತು ಎಂದಾಗುವುದಿಲ್ಲ. ಒಟ್ಟು 100 ಇದ್ದಾಗ 64 ಕೊಟ್ಟವರು, ಒಟ್ಟು 200 ಆದಾಗ 78 ಕೊಟ್ಟರೂ ಪಾಲು 39ಕ್ಕೇ ಇಳಿಯುತ್ತದೆ.

ಪ್ರಶ್ನೆ: ಬಿಟ್ಟಿ ಕೊಟ್ಟರೆ ಜನ ಸುಮ್ಮಸುಮ್ಮನೆ ಆಸ್ಪತ್ರೆಗೆ ಬರುತ್ತಾರೆ, ಶುಲ್ಕ ಇಡಬೇಕು ಎನ್ನುತ್ತಾರಲ್ಲ? (ಭದ್ರಾವತಿ)

ಉತ್ತರ: ಈ ವಾದಕ್ಕೆ ಪುರಾವೆ ಇಲ್ಲ ಎನ್ನಲಾಗದು. ಅಮೆರಿಕದ ರ‍್ಯಾಂಡ್ ಸಂಸ್ಥೆ 1970ರ ದಶಕದ ಮಧ್ಯದಿಂದ 1982ರವರೆಗೆ ಕುಟುಂಬಗಳನ್ನು ಗುಂಪು ಮಾಡಿ ಪ್ರಯೋಗ ನಡೆಸಿತು. ಪೂರ್ತಿ ಉಚಿತ ಸಿಕ್ಕವರು ಹೆಚ್ಚು ಚಿಕಿತ್ಸೆ ಪಡೆದರು, ಸರಾಸರಿ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಶುಲ್ಕ ಬೇಕು ಎನ್ನುವವರು ಓದು ನಿಲ್ಲಿಸುವುದು ಇಲ್ಲಿಗೆ. ಮುಂದಿನ ಸಾಲು: ಶುಲ್ಕ ಇಟ್ಟಾಗ ಜನ ಬಿಟ್ಟದ್ದು ಬೇಡದ ಚಿಕಿತ್ಸೆಯನ್ನಷ್ಟೇ ಅಲ್ಲ, ಬೇಕಾದದ್ದನ್ನೂ ಅಷ್ಟೇ ಬಿಟ್ಟರು. ಬಡವರಾಗಿದ್ದು ಬಿಪಿ ಇದ್ದವರಿಗೆ ಉಚಿತ ಚಿಕಿತ್ಸೆಯಿಂದ ನಿಜವಾಗಿ ಒಳ್ಳೆಯದಾಯಿತು.

ಇನ್ನು ನಮ್ಮ ಕಡೆ ಆಸ್ಪತ್ರೆ ಉಚಿತ ಎಂದರೂ ಉಚಿತವಲ್ಲ. ಅಡಿಕೆ ಸುಲಿಯುವ ಹೆಂಗಸು ಒಂದು ದಿನದ ಕೂಲಿ ಬಿಟ್ಟು, ಇಬ್ಬರ ಬಸ್ಸಿನ ಹಣ ಕೊಟ್ಟು, ಸಂಜೆಯ ಕೊನೆ ಬಸ್ಸಿನ ಚಿಂತೆಯಲ್ಲಿ ಸಾಲು ನಿಲ್ಲುತ್ತಾಳೆ. ಆ ಶುಲ್ಕವನ್ನು ಅವಳು ಆಗಲೇ ಕೊಟ್ಟಾಗಿದೆ. ಇನ್ನಷ್ಟು ಸೇರಿಸಿದರೆ ತಪ್ಪುವುದು ಬಿಪಿ ತಪಾಸಣೆ, ನಾಲ್ಕು ವರ್ಷ ಬಿಟ್ಟು ಬರುವುದು ಪಾರ್ಶ್ವವಾಯು.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಈ ವಾದಗಳ ಬದಲು ನಮ್ಮ ಸಭೆಯಲ್ಲಿ ಏನು ಕೇಳಲಿ? (ಹೊಸನಗರ ತಾಲ್ಲೂಕು)

ಉತ್ತರ: ಉತ್ತರ ಒಂದು ಸಂಖ್ಯೆಯೋ ಒಂದು ತಾರೀಖೋ ಆಗುವಂಥದ್ದನ್ನೇ ಕೇಳಿ, ಮೇಡಂ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿಯ ಆಮ್ಲೋಡಿಪಿನ್, ಶುಗರ್‌ನ ಮೆಟ್‌ಫಾರ್ಮಿನ್ ಕಳೆದ 12 ತಿಂಗಳಲ್ಲಿ ಎಷ್ಟು ದಿನ ದಾಸ್ತಾನು ಇರಲಿಲ್ಲ? ಹಾವಿನ ವಿಷಕ್ಕೆ ಕೊಡುವ ಔಷಧ ಇವತ್ತು ಎಷ್ಟು ಸೀಸೆ ಇದೆ? ಗಂಭೀರ ಕಡಿತಕ್ಕೆ ಮೊದಲ ಸಲಕ್ಕೇ 10 ಸೀಸೆ ಬೇಕಾಗಬಹುದು, ಎರಡು ಇಟ್ಟುಕೊಂಡು "ಇದೆ" ಎಂದರೆ ಇಲ್ಲದ ಹಾಗೆಯೇ. ವೈದ್ಯರ ಹುದ್ದೆ ಎಷ್ಟು ಮಂಜೂರು, ಎಷ್ಟು ಭರ್ತಿ, ಅದರಲ್ಲಿ ಬೇರೆ ಕಡೆಗೆ ನಿಯೋಜನೆ ಮೇಲೆ ಹೋದವರು ಎಷ್ಟು? ಮೂರನೆಯ ಭಾಗ ಮರೆಯಬೇಡಿ. ಕಾಗದದಲ್ಲಿ ಭರ್ತಿಯಾದ ಹುದ್ದೆಯ ಕುರ್ಚಿ ಖಾಲಿ ಇರುವುದು ಹಾಗೆ. 108ಕ್ಕೆ ಕರೆ ಮಾಡಿದ ಮೇಲೆ ನಮ್ಮ ಪಂಚಾಯಿತಿಗೆ ಗಾಡಿ ಬರಲು ಹಿಡಿದ ಸಮಯ ಎಷ್ಟು? ಇಲ್ಲಿ ಸರಾಸರಿ ಬೇಡ, ಪ್ರತಿ ಕರೆಯ ಸಮಯ ಕೇಳಿ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲೂ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲೂ ಇವನ್ನು ಕೇಳಿ ನಡವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಉತ್ತರ ಬಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಔಷಧ, ಹುದ್ದೆ, ಆಂಬುಲೆನ್ಸ್ ಮೂರನ್ನೂ ಒಂದರಲ್ಲೇ ತುರುಕಿದರೆ ಆ ನೆಪದಲ್ಲೇ ತಿರಸ್ಕರಿಸುತ್ತಾರೆ, ಮೂರು ಅರ್ಜಿ ಮಾಡಿ. "ಯಾಕೆ ಇಲ್ಲ" ಎಂದು ಬರೆಯಬೇಡಿ, "ದಾಸ್ತಾನು ಪುಸ್ತಕದ ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ಪುಟಗಳ ಪ್ರತಿ" ಎಂದು ಬರೆಯಿರಿ. ಕಾಯ್ದೆ ದಾಖಲೆ ಕೊಡಿಸುತ್ತದೆ, ವಿವರಣೆ ಕೊಡಿಸುವುದಿಲ್ಲ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಉತ್ತರಕ್ಕೆ ಅವರಿಗಿರುವ 30 ದಿನದ ಎಣಿಕೆ ಆ ಮೊಹರಿನ ತಾರೀಖಿನಿಂದ, ಅದು ಮುಗಿದ ಮೇಲೆ ಮೊದಲ ಮೇಲ್ಮನವಿಗೆ ನಿಮಗೂ 30 ದಿನ ಇದೆ.